ಎರಡು ಎಕರೆ ಶೇಂಗಾಕ್ಕೆ ಸಾಲ ಮಾಡಿ ಡ್ರೋನ್ ಕೊಳ್ಳಬೇಕಾ?

ಅಂಕೋಲಾ ಕಡೆ 2 ಎಕರೆ ಗದ್ದೆ, ಭತ್ತ ಆದ ಮೇಲೆ ಶೇಂಗಾ. ಸಾಲ ಮಾಡಿ ಔಷಧ ಹೊಡೆಯುವ 10 ಲೀಟರಿನ ಡ್ರೋನ್ ಕೊಂಡರೆ ಇಳುವರಿ, ಎಣ್ಣೆ ಎರಡೂ ಜಾಸ್ತಿ ಆಗುತ್ತಾ, ಉಳಿದ ದಿನ ಬಾಡಿಗೆಗೆ ಬಿಡಬಹುದಾ ಅಂತ ಕೇಳಿದ್ದೀರಿ. ಇದೇ ಲೆಕ್ಕವನ್ನು ನಾನೂ ಹಾಕಿದವನೇ ಮಾರಾಯ್ರೆ. ನನ್ನದು ಕುಮಟಾ ತಾಲೂಕು. ನಿಮ್ಮಂಥದ್ದೇ ಮರಳು ಮಣ್ಣು, ನಿಮ್ಮಂಥದ್ದೇ ಚೂರುಚೂರು ಗದ್ದೆ.

ಒಂದು ಪುಣ್ಯ, ಕೊಳ್ಳುವ ಮೊದಲು ಬಾಡಿಗೆಗೆ ತರಿಸಿ ನೋಡಿದೆ. ತರಿಸಿದ್ದಕ್ಕೆ ಕಾರಣವೂ ಇತ್ತು. ಬೆನ್ನಿಗೆ ಪಂಪು ಹಾಕಿಕೊಂಡು ಔಷಧ ಹೊಡೆಯಲು ನಮ್ಮೂರಲ್ಲಿ ಈಗ ಯಾರೂ ಬರುವುದಿಲ್ಲ. ಎಕರೆಗೆ 200 ಲೀಟರ್ ನೀರು ಬೇಕು. 16 ಲೀಟರಿನ ಪಂಪಿನಲ್ಲಿ 12-13 ಸಲ ತುಂಬಬೇಕು. ಬಾವಿಯಿಂದ ಹೊತ್ತು ತರುವವರು ಬೇರೆ. ಬೆಳಿಗ್ಗೆ ಶುರು ಮಾಡಿದರೆ ಒಂದು ಎಕರೆಗೇ ಮಧ್ಯಾಹ್ನ.

ಡ್ರೋನ್ ಬಂತು. ಹಾರಿಸುವ ಹುಡುಗ ಗದ್ದೆಯ ಹಾಳಿಯ (ಬದುವಿನ) ಮೇಲೆ ನಿಂತ. ನಾಲ್ಕು ಮೂಲೆ ಗುರುತು ಮಾಡಿ ಮೇಲೆಬ್ಬಿಸಿದ. ಶೇಂಗಾ ಬಳ್ಳಿಯ ಮೇಲೆ ಆಳೆತ್ತರದಲ್ಲಿ ಅದು ಹೋಗುವಾಗ ರೆಕ್ಕೆಯ ಗಾಳಿಗೆ ಎಲೆ ಎಲ್ಲ ಮಗುಚಿ ಬಿದ್ದು, ತಿಳಿ ಹಸಿರು ಅಡಿಭಾಗ ಕಾಣುತ್ತಿತ್ತು. ಎಕರೆಗೆ 10 ನಿಮಿಷವೂ ಹಿಡಿಯಲಿಲ್ಲ. ಊರಿನ ಅರ್ಧ ಜನ ಮೊಬೈಲ್ ಹಿಡಿದು ನಿಂತಿದ್ದರು. ಆವತ್ತು ಸಂಜೆಯೇ ಬ್ಯಾಂಕಿಗೆ ಹೋಗುವುದು ಅಂತ ಇದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡಬೇಡಿ.

ಟ್ಯಾಂಕಿಗೆ ಔಷಧ ಬೆರೆಸುವಾಗ ಆ ಹುಡುಗ ಕೇಳಿದ, "ಅಣ್ಣಾ, ಎಷ್ಟು ಹಾಕ್ಲಿ?" ನಾನು ಬಾಯಿಗೆ ಬಂದ ಹಾಗೆ ಹೇಳಿದೆ, "ಲೀಟರಿಗೆ ಒಂದು ಎಂಎಲ್." ಎಲೆಚುಕ್ಕೆ ರೋಗಕ್ಕೆ ಟೆಬುಕೊನಜೋಲ್ ಅನ್ನುವ ಶಿಲೀಂಧ್ರನಾಶಕ ತಂದಿದ್ದೆ. ಬೆನ್ನಿನ ಪಂಪಿಗೆ ಯಾವಾಗಲೂ ಹಾಗೇ ಹಾಕುತ್ತಿದ್ದದ್ದು. ಅವನು 10 ಲೀಟರ್ ನೀರಿಗೆ 10 ಎಂಎಲ್ ಅಳೆದು ಹಾಕಿದ.

ಎಲ್ಲಿ ಎಡವಿದೆ ನೋಡಿ. ಬೆನ್ನಿನ ಪಂಪಿನಲ್ಲಿ ಎಕರೆಗೆ ಹೋಗುವುದು 200 ಲೀಟರ್. ಲೀಟರಿಗೆ 1 ಎಂಎಲ್ ಅಂದರೆ ಎಕರೆಗೆ 200 ಎಂಎಲ್ ಔಷಧ ಬೀಳುತ್ತದೆ. ಡ್ರೋನಿನಲ್ಲಿ ಎಕರೆಗೆ ಹೋಗುವುದು ಬರೀ 10 ಲೀಟರ್. ಅದೇ ಅಳತೆ ಹಿಡಿದರೆ ಎಕರೆಗೆ ಬಿದ್ದದ್ದು 10 ಎಂಎಲ್. 20ರಲ್ಲಿ ಒಂದು ಪಾಲು. ಬೆಳೆಗೆ ಬೇಕಾದದ್ದು ನೀರಲ್ಲ, ಔಷಧ. ನೀರು ಅದನ್ನು ಹೊತ್ತು ತರುವ ಗಾಡಿ, ಅಷ್ಟೇ. ಗಾಡಿ ಚಿಕ್ಕದಾಯಿತು ಅಂತ ನಾನು ಸರಕನ್ನೂ ಇಳಿಸಿಬಿಟ್ಟೆ. ಎಕರೆಗೆ ಬೇಕಾದ ಪೂರ್ತಿ ಔಷಧ ಆ 10 ಲೀಟರಿನಲ್ಲೇ ಇರಬೇಕಿತ್ತು. ಲೀಟರಿಗೆ ಎಷ್ಟು ಅಂತ ಕೇಳುವುದನ್ನೇ ಬಿಡಿ. ಎಕರೆಗೆ ಎಷ್ಟು ಅಂತ ಕೇಳಿ. ಬಾಟಲಿಯ ಚೀಟಿಯಲ್ಲಿ ಹೆಕ್ಟೇರಿಗೆ ಎಷ್ಟು ಅಂತ ಬರೆದಿರುತ್ತದೆ, ಎರಡೂವರೆಯಿಂದ ಭಾಗಿಸಿದರೆ ಎಕರೆಗೆ ಸಿಕ್ಕಿತು. ಆ ಚೀಟಿಯನ್ನು ನಾನು ಅಷ್ಟು ವರ್ಷದಲ್ಲಿ ಒಮ್ಮೆಯೂ ಓದಿರಲಿಲ್ಲ. ಅಂಗಡಿಯವರು ಲೀಟರಿನ ಲೆಕ್ಕ ಹೇಳುತ್ತಾರೆ, ನಾವು ಅದನ್ನೇ ಬಾಯಿಪಾಠ ಮಾಡಿರುತ್ತೇವೆ.

ಹುಡುಗನನ್ನು ದೂರುವುದಿಲ್ಲ. ಅವನು ಹಾರಿಸಲು ಕಲಿತವನು. ಬೆಳೆ ನನ್ನದು, ಅಳತೆ ಹೇಳಿದವನೂ ನಾನೇ.

ಹೊಡೆದ ಮೇಲೆ ನಿಶ್ಚಿಂತೆಯಲ್ಲಿದ್ದೆ. ಅದು ಇನ್ನೂ ದೊಡ್ಡ ಪೆಟ್ಟು. ಹೊಡೆಯದೇ ಇದ್ದಿದ್ದರೆ ದಿನಾ ಹೋಗಿ ನೋಡುತ್ತಿದ್ದೆ. ಅಮ್ಮ ಅಲಸಂದೆ ಕೊಯ್ಯಲು ಹೋದವಳು ಒಂದು ಶೇಂಗಾ ಎಲೆ ಕಿತ್ತು ತಂದು ಅಡಿಭಾಗ ತಿರುಗಿಸಿ ತೋರಿಸಿದಳು. ಇದ್ದಲಿನ ಚುಕ್ಕೆ ಇಟ್ಟ ಹಾಗೆ ಕಪ್ಪು. ಅಷ್ಟೊತ್ತಿಗೆ ಬುಡದ ಎಲೆಗಳೆಲ್ಲ ಉದುರಿಯಾಗಿತ್ತು. ನಮ್ಮ ಕರಾವಳಿಯಲ್ಲಿ ಚಳಿಗಾಲದ ಇಬ್ಬನಿ ಹೇಗೆ ಸುರಿಯುತ್ತದೆ ಗೊತ್ತಲ್ಲ, ಚುಕ್ಕೆ ರೋಗಕ್ಕೆ ಅಷ್ಟು ಸಾಕು. ಕೀಳುವಾಗ ಗಿಡ ಸಲೀಸಾಗಿ ಕೈಗೆ ಬಂತು, ಕಾಯಿ ನೆಲದಲ್ಲೇ ಉಳಿಯಿತು. ಎಲೆ ಹೋದ ಗಿಡದಲ್ಲಿ ಕಾಯಿಯ ತೊಟ್ಟಿಗೆ ಬಲ ಇರುವುದಿಲ್ಲ. ಕಾಯಿ ಬಿಡಿಸಲು ಬಂದ ಹೆಂಗಸರು ಗುದ್ದಲಿ ತಂದು ಗದ್ದೆ ಕೆದಕಿದರು. ಸಿಕ್ಕಿದ್ದರಲ್ಲಿ ಜೊಳ್ಳೇ ಜಾಸ್ತಿ. ಆ ವರ್ಷ ಬೀಜದ ದುಡ್ಡೂ ಹುಟ್ಟಲಿಲ್ಲ.

ಮುಂದಿನ ಸಲ ಎಕರೆಯ ಲೆಕ್ಕದಲ್ಲಿ ಹೊಡೆಸಿದೆ. ರೋಗ ನಿಂತಿತು. ಆದರೆ ಬೆಳೆ ಬಂದದ್ದು ಬೆನ್ನಿನ ಪಂಪಿನಲ್ಲಿ ಸರಿಯಾಗಿ ಹೊಡೆದಾಗ ಬರುತ್ತಿದ್ದಷ್ಟೇ. ಉಳಿತಾಯ ಆದದ್ದು ಹೊತ್ತು, ನೀರು, ಆಳು. ಅದೇನೂ ಸಣ್ಣ ಲಾಭ ಅಲ್ಲ. ಆದರೆ "ಡ್ರೋನಿನಿಂದ ಇಳುವರಿ ಜಾಸ್ತಿ" ಅನ್ನುವ ಮಾತು ನಂಬಬೇಡಿ. ಒಂದು ಎಚ್ಚರಿಕೆ: ಹೀಗೆ ಬೆರೆಸಿದ ದ್ರಾವಣ ತುಂಬಾ ಗಟ್ಟಿ. ಕೈಗವಸು, ಮುಖಗವಸು ಇಲ್ಲದೆ ಮುಟ್ಟಬೇಡಿ. ಆ ಔಷಧಕ್ಕೆ ಡ್ರೋನಿನಲ್ಲಿ ಹೊಡೆಯಲು ಒಪ್ಪಿಗೆ ಇದೆಯಾ ಅಂತ ಕೃಷಿ ಇಲಾಖೆಯಲ್ಲಿ ಕೇಳಿಕೊಳ್ಳಿ. ಪುಡಿ ಔಷಧವನ್ನು ಅಷ್ಟೇ ನೀರಿಗೆ ಕಲಸಿದರೆ ನಾಝಲ್ ಕಟ್ಟಿಕೊಳ್ಳುತ್ತದೆ.

ಎಣ್ಣೆಯ ವಿಷಯ. ಶೇಂಗಾದಲ್ಲಿ ಎಣ್ಣೆ ತಳಿಯಿಂದ ಬರುತ್ತದೆ, ಆಮೇಲೆ ಮಣ್ಣಿನಿಂದ. ನಮ್ಮ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ಮಳೆಗಾಲ ತೊಳೆದುಕೊಂಡು ಹೋಗಿರುತ್ತದೆ. ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಬೇರಿನಿಂದ, ಎಲೆಯಿಂದ ತರಿಸಿಕೊಳ್ಳುವುದಿಲ್ಲ, ಸುತ್ತಲಿನ ಮಣ್ಣಿನಿಂದ ತಾನೇ ಹೀರುತ್ತದೆ. ಅದಕ್ಕೇ ಹೂ ಬಿಟ್ಟು ಊಡು (ತುದಿಯಲ್ಲಿ ಕಾಯಿ ಕಟ್ಟುವ ಎಳೆ) ನೆಲಕ್ಕೆ ಇಳಿಯುವ ಹೊತ್ತಿಗೆ, ಅಂದರೆ 30-35 ದಿನಕ್ಕೆ, ಎಕರೆಗೆ 200 ಕೆಜಿ ಜಿಪ್ಸಂ ಬುಡಕ್ಕೆ ಹಾಕಿ ಮಣ್ಣು ಏರಿಸುವುದು. ಅದರಲ್ಲಿ ಗಂಧಕವೂ ಇದೆ, ಎಣ್ಣೆಗೆ ಅದು ಬೇಕು. ಈಗ ಹೇಳಿ, 10 ಕೆಜಿ ಹೊರುವ ಡ್ರೋನಿನಲ್ಲಿ 200 ಕೆಜಿ ಹಾಕಲು ಎಷ್ಟು ಸಲ ಹಾರಬೇಕು? ಹಾರಿದರೂ ಅದು ಎಲೆ ಮೇಲೆ ಬೀಳುತ್ತದೆ, ಬುಡಕ್ಕಲ್ಲ. ಎರಡು ಆಳು, ಎರಡು ಬುಟ್ಟಿ, ಕೆಲಸ ಮುಗಿಯಿತು. ಎಲೆಗೆ ಕ್ಯಾಲ್ಸಿಯಂ ಹೊಡೆಯುವ ದ್ರವ ಅಂತ ಯಾರಾದರೂ ಮಾರಲು ಬಂದರೆ ಚಹಾ ಕುಡಿಸಿ ಕಳಿಸಿ.

ಬಾಡಿಗೆಯ ಕನಸಿಗೂ ಸ್ವಲ್ಪ ತಣ್ಣೀರು. ನಮ್ಮಲ್ಲಿ ಹಾರಿಸಲು ಸಿಗುವ ಹೊತ್ತೇ ಕಮ್ಮಿ. ಬೆಳಿಗ್ಗೆ ಬೇಗ ಹೊಡೆದರೆ ಎಲೆ ಮೇಲೆ ಇಬ್ಬನಿ, ಔಷಧ ಜಾರಿ ಹೋಗುತ್ತದೆ. ಹನ್ನೊಂದರ ಸುಮಾರಿಗೆ ಕಡಲ ಗಾಳಿ ಏಳುತ್ತದೆ. ಹನಿ ಸಣ್ಣದು, ಪಕ್ಕದವರ ಕಲ್ಲಂಗಡಿಗೋ ಹರಿವೆ ಸೊಪ್ಪಿಗೋ ಹೋಗಿ ಕೂರುತ್ತದೆ. ನಡುವೆ ಎರಡು ಗಂಟೆ ನಿಮ್ಮದು. ಹಾಳಿ ಮೇಲೆ ತೆಂಗಿನ ಮರ, ಅಡ್ಡಕ್ಕೆ ಕರೆಂಟಿನ ತಂತಿ. ಬ್ಯಾಟರಿ ಒಂದು ಹಾರಾಟಕ್ಕೇ ಖಾಲಿ, ಮೂರು ನಾಲ್ಕು ಸೆಟ್ ಇಲ್ಲದೆ ದಿನದ ಕೆಲಸ ಆಗುವುದಿಲ್ಲ. ಮಳೆಗಾಲದಲ್ಲಿ ಭತ್ತಕ್ಕೆ ಹೊಡೆಯುತ್ತೇನೆ ಅಂದರೆ ಆಷಾಢದ ಗಾಳಿ ಮಳೆ ಬಿಡಬೇಕಲ್ಲ. ಶಿರಸಿ ಕಡೆ ಅಡಿಕೆ ಕೊಳೆರೋಗಕ್ಕೆ ಹೊಡೆಯೋಣ ಅನ್ನುತ್ತೀರಾ? ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿದ ಔಷಧ) ತಾಗಬೇಕಾದದ್ದು ಹೆಡೆಯ, ಅಂದರೆ ಅಡಿಕೆ ಸೋಗೆಯ, ಕೆಳಗಿರುವ ಕಾಯಿಗೊನೆಗೆ. ಮೇಲಿಂದ ಬಿದ್ದದ್ದರಲ್ಲಿ ಹೆಚ್ಚಿನದು ಹೆಡೆಗೇ ಹೋಗುತ್ತದೆ. ಕೆಳಗಿಂದಲೇ ಔಷಧ ಹೊಡೆಯುವ ಉದ್ದ ಕೋಲು, ದೋಟಿಯನ್ನು ಸುಮ್ನೆ ಮೂಲೆಗೆ ಹಾಕಬೇಡಿ. ಬಾಡಿಗೆಯೇ ಉದ್ಯೋಗ ಅಂದರೆ ಗೋವಿನಜೋಳ, ಹತ್ತಿ ಇರುವ ಹಳಿಯಾಳ, ಮುಂಡಗೋಡದವರು ಮಾಡಲಿ. ಅಲ್ಲಿ ಹೊಲ ದೊಡ್ಡದು.

ಕಾಗದಪತ್ರದ್ದು ಬೇಗ ಹೇಳುತ್ತೇನೆ. 2021ರ ಡ್ರೋನ್ ನಿಯಮದ ಪ್ರಕಾರ ಈ ಗಾತ್ರದ ಡ್ರೋನ್ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕು, ಡ್ರೋನಿಗೆ ನೋಂದಣಿ ಸಂಖ್ಯೆ ಬೇಕು. ಡಿಜಿಟಲ್ ಸ್ಕೈ ಅನ್ನುವ ಸರ್ಕಾರಿ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಗದ್ದೆ ಯಾವ ಬಣ್ಣದಲ್ಲಿದೆ ಅಂತ ಮೊದಲೇ ನೋಡಿ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಕಾರವಾರದಲ್ಲಿ ಕದಂಬ ನೌಕಾನೆಲೆ, ಒಳಗೆ ಕೈಗಾ ಅಣುಸ್ಥಾವರ. ನಿಮ್ಮ ಕಡೆಯವರು ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಇನ್ನು ಸಹಾಯಧನ. 2023ರ ಕೊನೆಗೆ ಕೇಂದ್ರ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ (2025-26ರವರೆಗಿನದು) 80 ಪರ್ಸೆಂಟ್, 8 ಲಕ್ಷದವರೆಗೆ ಅಂತ ಇತ್ತು. ಅದು ಮಹಿಳಾ ಸ್ವಸಹಾಯ ಸಂಘಕ್ಕೆ, ನಿಮಗಲ್ಲ. ನಿಮ್ಮ ಮನೆಯವರು ಸಂಘದಲ್ಲಿದ್ದರೆ ಈಗಲೂ ಇದೆಯಾ ಅಂತ ಅವರು ವಿಚಾರಿಸಲಿ, ಆಗ ಮಾತು ಬೇರೆ.

ನೀವು ಮಾಡಬೇಕಾದದ್ದು ಇದು. ಬಯಲಿನ ಹತ್ತು ಮನೆಯವರನ್ನು ಸೇರಿಸಿ, ಒಂದೇ ವಾರದಲ್ಲಿ ಬಿತ್ತಿ, ಒಂದೇ ಬೆಳಿಗ್ಗೆ ಬಾಡಿಗೆ ಡ್ರೋನ್ ಕರೆಸಿ. ಒಬ್ಬರ 2 ಎಕರೆಗೆ ಬರಲು ಹಿಂದೆಮುಂದೆ ನೋಡುವವರು 15 ಎಕರೆಗಾದರೆ ತಾವೇ ಫೋನ್ ಮಾಡುತ್ತಾರೆ. ಮೊದಲು ತೊಳೆದ ಟ್ಯಾಂಕ್ ನೋಡಿ ಆಮೇಲೆ ಬೆರೆಸಲು ಬಿಡಿ. ಹಿಂದಿನ ಊರಿನಲ್ಲಿ ಕಳೆನಾಶಕ ಹೊಡೆದು ಬಂದಿರುತ್ತಾರೆ.

ತಳಿ ಯಾವುದು ಅಂತ ನೀವು ಬರೆದೇ ಇಲ್ಲ. ಮನೆಯಲ್ಲಿ ಉಳಿಸಿದ ಹಳೇ ಟಿಎಂವಿ-2 ಆದರೆ ಚುಕ್ಕೆ ರೋಗ ಬಂದೇ ಬರುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ಎಲೆಚುಕ್ಕೆಯನ್ನೂ ತುಕ್ಕು ರೋಗವನ್ನೂ ತಡೆಯುತ್ತದೆ, ನಾನು ಈಗ ಅದನ್ನೇ ಹಾಕುವುದು. ಬಿತ್ತನೆ ಬೀಜಕ್ಕೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈಗಲೇ ವಿಚಾರಿಸಿ, ಭತ್ತ ಕೊಯ್ಯುವ ಹೊತ್ತಿಗೆ ಹೋದರೆ ಸಿಗುವುದಿಲ್ಲ.