ಮನೆ ದೋಸೆಗೆ ಹೋಟೆಲಿನ ಹಟ ಯಾಕೆ?

ತುಮಕೂರಿನ ಓದುಗರೊಬ್ಬರು ಬರೆದಿದ್ದಾರೆ: 'ಮೂರು ತಿಂಗಳಿಂದ ಹೋಟೆಲಿಗೆ ಹೋಗುವುದನ್ನು ನಿಲ್ಲಿಸಿದ್ದೇವೆ. ಎಲ್ಲವೂ ಮನೆಯಲ್ಲೇ. ಎಷ್ಟು ಉಳಿಯಿತು ಎಂದು ಲೆಕ್ಕ ಬರೆದಿಟ್ಟಿದ್ದೇನೆ. ಆದರೆ ಮಸಾಲೆ ದೋಸೆ ಮಾತ್ರ ಹೋಟೆಲಿನ ಹಾಗೆ ಬರುವುದಿಲ್ಲ. ಮಕ್ಕಳು ಮುಖ ಸಿಂಡರಿಸುತ್ತವೆ. ಭಾನುವಾರ ಬಂದರೆ ಹೆಂಡತಿಗೆ ಸುಸ್ತು. ಎಲ್ಲಿ ತಪ್ಪುತ್ತಿದ್ದೇವೆ?'

ಸ್ವಾಮಿ, ತಪ್ಪು ಹಿಟ್ಟಿನದಲ್ಲ, ಕಾವಲಿಯದು. ಹೋಟೆಲಿನದು ದಪ್ಪ ಕಬ್ಬಿಣದ ಹಲಗೆ. ಒಂದೇ ಸಲಕ್ಕೆ ಆರೆಂಟು ದೋಸೆ ಹೊಯ್ದರೂ ಅದರ ಕಾವು ಇಳಿಯುವುದಿಲ್ಲ. ಜಾಸ್ತಿ ಕಾದರೆ ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸುತ್ತಾರೆ, ನೋಡಿರುತ್ತೀರಿ. ಮನೆಯ ತೆಳು ತವಾ ಫ್ರಿಜ್ಜಿನ ಹಿಟ್ಟು ಬಿದ್ದ ಕೂಡಲೇ ತಣ್ಣಗಾಗಿಬಿಡುತ್ತದೆ. ಹಿಟ್ಟನ್ನು ಒಂದು ಗಂಟೆ ಮೊದಲೇ ಹೊರಗಿಡಿ. ಅಕ್ಕಿ, ಉದ್ದು ನೆನೆಸುವಾಗ ಒಂದು ಹಿಡಿ ಕಡಲೆಬೇಳೆ, ಒಂದು ಚಮಚ ಮೆಂತ್ಯ ಸೇರಿಸಿ, ಬಣ್ಣ ಬರುತ್ತದೆ. ಅಟ್ಟದ ಮೇಲೆ ಅಜ್ಜಿಯ ಕಬ್ಬಿಣದ ಕಾವಲಿ ಇದ್ದರೆ ಇಳಿಸಿ.

ಇಷ್ಟೆಲ್ಲ ಮಾಡಿದರೂ ಅದು ಹೋಟೆಲಿನ ದೋಸೆ ಆಗುವುದಿಲ್ಲ. ಅಲ್ಲಿ ರುಬ್ಬುವವರು ಒಬ್ಬರು, ಹೊಯ್ಯುವವರು ಒಬ್ಬರು, ಪಲ್ಯ ಚಟ್ನಿಗೆ ಮತ್ತೊಬ್ಬರು, ತಟ್ಟೆ ತೊಳೆಯುವವರು ಇನ್ನೊಬ್ಬರು. ನಿಮ್ಮ ಮನೆಯಲ್ಲಿ ಈ ನಾಲ್ವರೂ ಒಬ್ಬರೇ ಅಲ್ವಾ? ನಿಮ್ಮ ಪತ್ರದಲ್ಲಿ 'ನಿಲ್ಲಿಸಿದ್ದೇವೆ', 'ತಪ್ಪುತ್ತಿದ್ದೇವೆ' ಎಂದು ಇಬ್ಬರನ್ನೂ ಸೇರಿಸಿ ಬರೆದಿದ್ದೀರಿ. ಆದರೆ ಲೆಕ್ಕ ಬರೆಯುವುದು ಬಿಟ್ಟರೆ ನೀವು ಮಾಡಿದ ಕೆಲಸ ನನಗೆ ಕಾಣಲಿಲ್ಲ!

ಹೋಟೆಲಿನದೇ ಒಂದು ತಿಂಡಿ ಮನೆಗೆ ಬೇಕೆಂದರೆ ರವೆ ಇಡ್ಲಿ ಮಾಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಬೆಂಗಳೂರಿನ ಎಂ.ಟಿ.ಆರ್. ಹುಡುಕಿಕೊಂಡ ದಾರಿ ಅದು. ನೆನೆಸಬೇಕಿಲ್ಲ, ರುಬ್ಬಬೇಕಿಲ್ಲ. ಮಸಾಲೆ ದೋಸೆಗೆ ತಿಂಗಳಿಗೊಮ್ಮೆ ಹೋಟೆಲಿಗೇ ಹೋಗಿ. ಉಳಿಸಿದ ದುಡ್ಡು ಇದೆಯಲ್ಲ.

ಮಿಕ್ಕ ದಿನ ಹೋಟೆಲಿನವರು ಮಾಡಲು ಹೋಗದ ಅಡುಗೆ ಮಾಡಿ. ನಿಮ್ಮದು ಮುದ್ದೆಯ ಸೀಮೆ, ಬಸ್ಸಾರಿಗಿಂತ ಬೇರೆ ಬೇಕೆ? ಸೊಪ್ಪು, ಹೆಸರುಕಾಳು ಒಟ್ಟಿಗೆ ಬೇಯಿಸಿ ಕಟ್ಟು ಬಸಿದುಕೊಳ್ಳಿ. ಬೆಂದ ಸೊಪ್ಪು ಕಾಳಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಅದರಲ್ಲೇ ಒಂದು ಹಿಡಿ ಎತ್ತಿಟ್ಟುಕೊಂಡು ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಕಾಯಿ, ಸಾರಿನ ಪುಡಿ, ಹುಣಸೆ ಜೊತೆ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಒಂದೇ ಬೇಯಿಸಾಟ, ಎರಡು ಅಡುಗೆ. ಮಾರನೆಯ ದಿನ ಕುದಿಸಿದರೆ ಇನ್ನೂ ರುಚಿ.

ಸೊಪ್ಪು ಬಿಡಿಸುವುದಕ್ಕೆ ಮಾತ್ರ ಹೊತ್ತು ಹಿಡಿಯುತ್ತದೆ. ಅದನ್ನು ನೀವು ಹಿಂದಿನ ರಾತ್ರಿಯೇ ಟೀವಿ ಮುಂದೆ ಕೂತು ಮಾಡಿಡಿ.

– ಸಂ.