ಕಣಿ ಹೇಳುವ ಕೆಲಸವಲ್ಲ

ಪ್ರಶ್ನೆ: ಭಾರತ 2070ಕ್ಕೆ ‘ನೆಟ್ ಜೀರೋ’, ಅಂದರೆ ಉಗುಳಿದಷ್ಟೇ ಇಂಗಾಲವನ್ನು ಹೀರಿಕೊಳ್ಳೋ ಸ್ಥಿತಿ, ಮುಟ್ಟುತ್ತಂತೆ. ನಾಳೆಯ ಮಳೆಯನ್ನೇ ಸರಿಯಾಗಿ ಹೇಳಲಾಗದವರು ಅಷ್ಟು ದೂರದ ಲೆಕ್ಕ ಹೇಗೆ ಹಾಕ್ತಾರೆ?
— ಓದುಗರೊಬ್ಬರು, ತಿಪಟೂರು

ಉತ್ತರ: ಇದು ಕಣಿಯಲ್ಲ ಸ್ವಾಮಿ, ‘ಹೀಗೆ ಮಾಡಿದರೆ ಹೀಗಾದೀತು’ ಅನ್ನುವ ಲೆಕ್ಕ. ನಮ್ಮಲ್ಲೇ ನಡೆದದ್ದು ಕೇಳಿ. 1980ರ ದಶಕದಲ್ಲಿ ಸರ್ಕಾರಿ ಸಮಿತಿಯೊಂದು, 2000ನೇ ಇಸವಿಗೆ ಕರ್ನಾಟಕಕ್ಕೆ ಸುಮಾರು 9,400 ಮೆಗಾವಾಟ್ ವಿದ್ಯುತ್ ಬೇಕು ಅಂದಿತು. ಹಳೇ ಬೇಡಿಕೆಯ ಗೆರೆಯನ್ನೇ ಮುಂದಕ್ಕೆ ಎಳೆದರೆ ಹಾಗೇ ಬರೋದು. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಬೇರೆ ತುದಿಯಿಂದ ಹೊರಟರು: ಜನಕ್ಕೆ ಬೇಕಿರೋದು ಯೂನಿಟ್ಟೋ, ಬೆಳಕು, ಬಿಸಿನೀರೋ? ಬುರುಡೆ ಬಲ್ಬಿಗೆ ಬದಲು ಸಿಎಫ್‌ಎಲ್, ಗೀಸರಿಗೆ ಬದಲು ಸೋಲಾರ್, ಪಂಪ್‌ಸೆಟ್ಟಿಗೆ ಒಳ್ಳೆಯ ಫುಟ್‌ವಾಲ್ವ್ (ನೀರೆಳೆಯುವ ಪೈಪಿನ ಬುಡದ ಕವಾಟ) ಎಂದೆಲ್ಲ ಕೂಡಿಸಿ, ಎಲ್ಲ ಮನೆಗೂ ದೀಪ ಕೊಟ್ಟು, ಸುಮಾರು 4,000 ಸಾಕು ಅಂದರು.

ಫುಟ್‌ವಾಲ್ವ್ ಅಂದರೆ ನಗಬೇಡಿ. ನಮ್ಮ ಮಾವನ ಬಾವಿಯಲ್ಲಿ ಕಸ ಕಟ್ಟಿದ ವಾಲ್ವ್ ಬದಲಿಸಿದ ದಿನ, ಅದೇ ಮೋಟಾರು, ಕಾಲುವೆ ತುಂಬಿ ತೆಂಗಿನ ಪಾತಿಯೂ ತುಳುಕಿತ್ತು.

ಈಗಿನ ಕಂಪ್ಯೂಟರ್ ಮಾದರಿಗಳು ಇಂಧನದ ಬೆಲೆ, ಇಂಗಾಲದ ಮಿತಿ ಎಲ್ಲ ಕೊಟ್ಟರೆ ಅಗ್ಗದ ದಾರಿ ಹುಡುಕುತ್ತವೆ. ತಲೆನೋವು ಇರುವುದು ಸಂಜೆ ಏಳರ ಲೆಕ್ಕದಲ್ಲಿ: ಊರೆಲ್ಲ ಸ್ವಿಚ್ ಒತ್ತುವ ಹೊತ್ತಿಗೆ ಪಾವಗಡದ 2,050 ಮೆಗಾವಾಟ್ ಸೋಲಾರ್ ಮಲಗಿರುತ್ತದೆ. ಬ್ಯಾಟರಿಯ ಬೆಲೆಯನ್ನು ಒಬ್ಬ ಸಂಶೋಧಕ ಕಡಿಮೆ ಹಿಡಿದು, ಇನ್ನೊಬ್ಬ ಜಾಸ್ತಿ ಹಿಡಿದರೆ ಇಬ್ಬರ 2070ಗಳೂ ಬೇರೆ ಬೇರೆ.