ಏಡಿಯನ್ನು ತಕ್ಕಡಿಗೆ ಹಾಕಬೇಡಿ, ಮಗುಚಿ ನೋಡಿ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಾಕು, ಗದ್ದೆಯ ಏಡಿಯ ಬಗ್ಗೆ ಅವೇ ಪ್ರಶ್ನೆಗಳು ಬರುತ್ತವೆ. ಈ ಸಲ ಉದ್ದದ ಉತ್ತರ ಒಂದಕ್ಕೆ ಮಾತ್ರ.

ಪ್ರಶ್ನೆ (ಕಾರಟಗಿ): ಗದ್ದೆಯ ಏಡಿಗಳನ್ನು ತೊಟ್ಟಿಯಲ್ಲಿ ಸಾಕಿದ್ದೇನೆ. ಐವತ್ತು ಗ್ರಾಂ ಆದರೆ ಮರಿ ಮಾಡುತ್ತವೆ ಎಂದು ಒಬ್ಬರು ಹೇಳಿದರು. ನಿಜವೇ?

ಹೇಳಿದವರು ತಕ್ಕಡಿ ನೋಡಿದ್ದಾರೆ, ಏಡಿ ನೋಡಿಲ್ಲ. ಏಡಿ ಕುರಿಮರಿಯಂತೆ ದಿನಾ ಇಷ್ಟಿಷ್ಟು ಬೆಳೆಯುವುದಿಲ್ಲ. ಚಿಪ್ಪು ಹಿಗ್ಗದು, ಪೊರೆ ಕಳಚಿದಾಗ ನೀರು ಹೀರಿ ಒಮ್ಮೆಲೇ ದೊಡ್ಡದಾಗುತ್ತದೆ. ಆಗಿನ ತೂಕದಲ್ಲಿ ಮಾಂಸಕ್ಕಿಂತ ನೀರೇ ಹೆಚ್ಚು. ಇಕ್ಕಳದಂಥ ಮುಂಗಾಲು ಒಂದು ಮುರಿದಿದ್ದರೆ ಲೆಕ್ಕ ಅಲ್ಲಿಗೇ ಕೆಟ್ಟಿತು. ಬೇಸಿಗೆಯಲ್ಲಿ ಬದುವಿನ ಬಿಲದೊಳಗೆ ಕೂತು ಕಾಲ ಕಳೆದದ್ದು, ನೀರಿದ್ದ ಹಳ್ಳದಲ್ಲಿ ಮೇದದ್ದು ಒಂದೇ ವಯಸ್ಸಿನವಾದರೂ ಒಂದೇ ಗಾತ್ರ ಇರುವುದಿಲ್ಲ.

ಹಿಂದಿನಿಂದ ಕೈ ಹಾಕಿ, ಬೆನ್ನಿನ ಎರಡೂ ಅಂಚನ್ನು ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ಮಗುಚಿ. ಹೊಟ್ಟೆಯಡಿ ಮಡಚಿಕೊಂಡ ಪಟ್ಟಿ ಕಾಣುತ್ತದೆ. ಗಂಡಿನಲ್ಲಿ ಅದು ಕಿರಿದು. ಎಳೆಯ ಹೆಣ್ಣಿನಲ್ಲೂ ಕಿರಿದೇ. ಅದಕ್ಕೇ "ಎಲ್ಲ ಗಂಡೇ ಸಿಕ್ಕಿವೆ" ಎಂದು ಬರೆಯುತ್ತೀರಿ. ಮೊಂಡಾದ ಪೊರಕೆ ಕಡ್ಡಿಯಿಂದ ಪಟ್ಟಿಯನ್ನು ಮೆಲ್ಲಗೆ ಎತ್ತಿ. ಒಳಗೆ ಕಡ್ಡಿಯಂಥವು ಎರಡು ಜೊತೆ ಇದ್ದರೆ ಗಂಡು. ಕವಲೊಡೆದ ಎಳೆಗಳು ನಾಲ್ಕು ಜೊತೆ ಇದ್ದರೆ ಹೆಣ್ಣು. ಆ ಎಳೆಗಳಲ್ಲಿ ಉದ್ದ ರೋಮ ಬೆಳೆದು, ಪಟ್ಟಿ ಅಗಲವಾಗಿ ಕಾಲುಗಳ ಬುಡದವರೆಗೆ ಎದೆಯನ್ನೆಲ್ಲ ಮುಚ್ಚಿ, ಒಳಬದಿ ಬೋಗುಣಿಯಂತೆ ತಗ್ಗಾಗಿದ್ದರೆ ಮಾತ್ರ ಬಲಿತ ಹೆಣ್ಣು. ಮೊಟ್ಟೆಗಳು ಅಂಟಿಕೊಳ್ಳುವುದು ಆ ರೋಮಕ್ಕೇ.

ಅಂಕಿಯೇ ಬೇಕೆನ್ನುವವರು ಕ್ಯಾಲಿಪರ್ (ವಸ್ತುವನ್ನು ನಡುವೆ ಹಿಡಿದು ಅಗಲ ಅಳೆಯುವ ಸಾಧನ) ತನ್ನಿ. ಬೆನ್ನಿನ ಅತಿ ಅಗಲದ ಜಾಗ, ಪಟ್ಟಿಯ ಅತಿ ಅಗಲದ ಜಾಗ, ಎರಡನ್ನೂ ಮಿಲಿಮೀಟರಿನಲ್ಲಿ ಅಳೆದು, ಬೆನ್ನಿನದನ್ನು ಅಡ್ಡಕ್ಕೆ, ಪಟ್ಟಿಯದನ್ನು ಮೇಲಕ್ಕೆ ಹಿಡಿದು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡಿ. ಚಿಕ್ಕವು, ದೊಡ್ಡವು ಸೇರಿ ಐವತ್ತು ಹೆಣ್ಣಾದರೂ ಬೇಕು. ಹತ್ತು ಅಳೆದು ತೀರ್ಪು ಕೊಡಬೇಡಿ. ಚುಕ್ಕೆಗಳ ಸಾಲು ಎಲ್ಲಿ ಥಟ್ಟನೆ ಮೇಲೇರುತ್ತದೋ ಅದೇ ನಿಮ್ಮ ಗದ್ದೆಯ ಹೆಣ್ಣು ಬಲಿಯುವ ಅಳತೆ. ಮೆತ್ತನೆ ಚಿಪ್ಪಿನದನ್ನು ಅಳೆಯಬೇಡಿ, ಕ್ಯಾಲಿಪರ್ ಒತ್ತಿದರೆ ತಗ್ಗಾಗುತ್ತದೆ.

ಇನ್ನು ಚಿಪ್ಪು ಬಿಚ್ಚಿ, ಹಳದಿ ಕಂಡ ಕೂಡಲೇ "ಮೊಟ್ಟೆ" ಎನ್ನುವವರು. ಅದು ಬಹುಪಾಲು ಜೀರ್ಣಗ್ರಂಥಿ, ಗಂಡಿನಲ್ಲೂ ಇರುತ್ತದೆ. ಬಲಿತ ಅಂಡಾಶಯದಲ್ಲಿ ಕಾಳುಕಾಳು ಬಿಡಿಯಾಗಿ ಕಣ್ಣಿಗೇ ಕಾಣುತ್ತವೆ.

ತೊಟ್ಟಿಗೆ ಆರ್‌ಒ ಫಿಲ್ಟರ್ ನೀರು ಹಾಕಬೇಡಿ. ಅದರಲ್ಲಿ ಸುಣ್ಣದಂಶ ಹೆಚ್ಚು ಉಳಿದಿರುವುದಿಲ್ಲ, ಹೊಸ ಚಿಪ್ಪು ಗಟ್ಟಿಯಾಗದು. ಅಡಗಲು ಪೈಪಿನ ತುಂಡು ಇಡಿ. ಮೆತ್ತಗಿದ್ದಾಗ ಜೊತೆಯವೇ ತಿಂದುಹಾಕುತ್ತವೆ. ಕಳಚಿದ ಪೊರೆಯನ್ನು ಎಸೆಯಬೇಡಿ, ಅದನ್ನೇ ತಿಂದು ಸುಣ್ಣ ಮರಳಿ ಪಡೆಯುತ್ತದೆ.

ಸಿರುಗುಪ್ಪ: ಅಮಾವಾಸ್ಯೆಗೆ ಏಡಿ ತುಂಬಿರುತ್ತದೆ, ಹುಣ್ಣಿಮೆಗೆ ಟೊಳ್ಳು, ಹೌದೇ?

ಈಚೆಗೆ ಪೊರೆ ಕಳಚಿದ್ದು ಟೊಳ್ಳು. ಗದ್ದೆಯ ಏಡಿಗೆ ಪಂಚಾಂಗ ಬೇಡ.

ಮಾನ್ವಿ: ಮರಿಗಳು ಹೊಟ್ಟೆ ಒಡೆದು ಬಂದು ತಾಯಿ ಸಾಯುತ್ತದಂತೆ?

ಮೊಟ್ಟೆಗಳಿರುವುದೇ ಹೊಟ್ಟೆಯ ಹೊರಗೆ, ಪಟ್ಟಿಯಡಿ. ಒಡೆಯಲು ಏನಿದೆ?

ಸಿಂಧನೂರು: ಮರಿ ಮಾಡಿಸಲು ಉಪ್ಪುನೀರು ಬೇಕೆ?

ಕಡಲ ಏಡಿಗೆ ಬೇಕು. ನಮ್ಮದರ ಮೊಟ್ಟೆಯಿಂದ ನೇರ ಪುಟ್ಟ ಏಡಿಯೇ ಹೊರಬರುತ್ತದೆ. ಕಡಲ ಏಡಿಯ ಮರಿ ತಂದು ನಿಮ್ಮ ಸಿಹಿನೀರಿನ ಹೊಂಡಕ್ಕೆ ಬಿಡಿಸುವ ಏಜೆಂಟನ್ನು ಬಾಗಿಲಲ್ಲೇ ನಿಲ್ಲಿಸಿ.

ಗಂಗಾವತಿ: ಕೆಮ್ಮಿಗೆ ಹಸಿ ಏಡಿ ರಸ ಕುಡಿಸಬಹುದೇ?

ಖಂಡಿತ ಬೇಡ. ಅರೆಬೆಂದ ಏಡಿಯಿಂದ ಶ್ವಾಸಕೋಶಕ್ಕೆ ಸೇರುವ ಚಪ್ಪಟೆ ಹುಳು ಮಣಿಪುರ, ನಾಗಾಲ್ಯಾಂಡ್ ಕಡೆ ದಾಖಲಾಗಿದೆ. ರಕ್ತ ಕೆಮ್ಮುವವರಿಗೆ ಕ್ಷಯವೆಂದು ತಪ್ಪು ಔಷಧ ಕೊಟ್ಟದ್ದೂ ಉಂಟು. ಕೆಮ್ಮು ವಾಸಿ ಮಾಡುತ್ತೇನೆಂದು ಹಸಿ ರಸ ಕುಡಿಸುವವನು ವೈದ್ಯನಲ್ಲ. ಕುದಿಸಿ ಪೂರ್ತಿ ಬೇಯಿಸಿ.

ಮಸ್ಕಿ: ಬಿಲಕ್ಕೆ ಫೋರೇಟ್ ಗುಳಿಗೆ ಹಾಕಿದರೆ ಹೊರಬರುವ ಏಡಿ ತಿನ್ನಬಹುದೇ?

ಬೇಯಿಸಿದರೂ ತಿನ್ನಬೇಡಿ. ಆ ಕೀಟನಾಶಕ ಗುಳಿಗೆ 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ನಿಮಗೆ ಸಿಕ್ಕಿದ್ದೆಲ್ಲಿ?